ದವಡೆಯೊಳಗಿನ ಚಪ್ಪರ

ನಮ್ಮ ದೊಡ್ಡಪ್ಪ ಚಿಕ್ಕಬಸವಯ್ಯನಿಗೆ ಆನೆ ಕಂಡರೆ ಭಯವಿಲ್ಲ, ಡಾಕ್ಟರನ್ನು ಕಂಡರೆ ಕೈಕಾಲು ತಣ್ಣಗಾಗುತ್ತದೆ. ಗುಂಡ್ಲುಪೇಟೆ ಕಡೆಯ ಮದ್ದೂರು ವಲಯದ ಕಾಡಿನಲ್ಲಿ ವಾಚರ್ ಕೆಲಸ ಮಾಡುತ್ತಲೇ ಕೂದಲು ನರೆಸಿಕೊಂಡವನು. ಒಂಟಿ ಸಲಗ ಎದುರಾದರೆ "ಓಗಪ್ಪಾ, ನಿನ್ ದಾರಿ ನೀನ್ ಹಿಡ್ಕೊ" ಎಂದು ಗದರಿಸಿ ಕಳಿಸುತ್ತಿದ್ದ. ಆ ಬಾಯಲ್ಲಿ ಎಲೆ, ಅಡಿಕೆ, ಹೊಗೆಸೊಪ್ಪು ಇಲ್ಲದ ಗಳಿಗೆಯನ್ನು ನಾನು ಕಂಡದ್ದೇ ಇಲ್ಲ. ಎಡಗೆನ್ನೆ ಊದಿಕೊಂಡಾಗಲೂ ಎಲೆ ಒತ್ತಿಕೊಂಡಿದ್ದಾನೆ ಎಂದೇ ಮನೆಯವರೆಲ್ಲ ತಿಳಿದೆವು. ಎಲೆ ಉಗಿದ ಮೇಲೂ ಊತ ಅಲ್ಲೇ ಇತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಕ್ಯಾನ್ಸರ್ ಅಲ್ಲ, ಆದರೆ ಮೂಳೆಯನ್ನು ತಿನ್ನುವ ಗಡ್ಡೆ ಎಂದರು. ಗಡ್ಡೆಯ ಜೊತೆಗೆ ಎಡದವಡೆಯ ಮೂಳೆಯಲ್ಲಿ ಒಂದು ತುಂಡನ್ನೂ ತೆಗೆಯಲೇಬೇಕಿತ್ತು. ತೆಗೆದ ಜಾಗಕ್ಕೆ ಕೂರಿಸಲು ಹೊರಟದ್ದು ನನ್ನ ಕೈಯಲ್ಲಿ ತಯಾರಾಗುವ ವಸ್ತು.

ನಾನು ನೀಲಾವತಿ, ಅವನ ತಮ್ಮ ಮಹಾಲಿಂಗನ ಮಗಳು. ಪಾಲಿಟೆಕ್ನಿಕ್ ಮುಗಿಸಿ, ಬದನಗುಪ್ಪೆ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ತ್ರೀಡಿ ಪ್ರಿಂಟರ್ ನಡೆಸುತ್ತೇನೆ. "ಪ್ಲಾಸ್ಟಿಕ್ ಗೊಂಬೆ ಮಾಡೋ ಕೆಲ್ಸ" ಎಂದು ಊರವರು ಆಡಿಕೊಂಡಾಗ ನನಗೆ ಮೈ ಉರಿಯುತ್ತದೆ. ನಾವು ಒಂದು ಬಗೆಯ ಪಾಲಿಮರನ್ನು ಕರಗಿಸಿ, ಸೂಜಿಮೊನೆಯಂಥ ನಳಿಗೆಯಿಂದ ಎಳೆಯ ಮೇಲೆ ಎಳೆ ಇಡುತ್ತ, ರೋಗಿಯ ಸ್ಕ್ಯಾನಿನ ಅಳತೆಗೆ ತಕ್ಕ ಹಾಗೆ ಮೂಳೆಯ ಆಕಾರ ಕಟ್ಟುತ್ತೇವೆ. ಅದಕ್ಕೆ ಸ್ಕ್ಯಾಫೋಲ್ಡ್ ಎನ್ನುತ್ತಾರೆ. ಮೈತುಂಬ ಸಣ್ಣ ಸಣ್ಣ ತೂತು. ರೋಗಿಯ ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ಅದರಲ್ಲಿ ತುಂಬಿ ಕೂರಿಸಿದರೆ, ತೂತುಗಳ ಒಳಗೆ ರಕ್ತನಾಳ ಬೆಳೆದು, ಅವನದೇ ಮೂಳೆ ಮೆಲ್ಲಗೆ ಹಬ್ಬುತ್ತದೆ. ಪಾಲಿಮರ್ ಎರಡು ಮೂರು ವರ್ಷದಲ್ಲಿ ಮೈಯೊಳಗೇ ಕರಗಿಹೋಗುತ್ತದೆ.

"ಬಳ್ಳಿ ಅಬ್ಬಕೆ ಚಪ್ಪರ ಆಕ್ದಂಗೆ ಅನ್ನು" ಎಂದಳು ಅಜ್ಜಿ ದೊಡ್ಡಮಾದಮ್ಮ. ನಮ್ಮ ಮೇಲಧಿಕಾರಿಗಳ ಯಾವ ಭಾಷಣವೂ ನನಗೆ ಇಷ್ಟು ಚೆನ್ನಾಗಿ ಅರ್ಥವಾಗಿರಲಿಲ್ಲ.

ಆಸ್ಪತ್ರೆಯವರು ಈ ವಿಧಾನವನ್ನು ಒಪ್ಪಿದ ಕೆಲವೇ ರೋಗಿಗಳಲ್ಲಿ ಪರೀಕ್ಷಿಸುತ್ತಿದ್ದರು. ದೊಡ್ಡಪ್ಪ ಒಪ್ಪಿದ್ದು ನನ್ನ ಮುಖ ನೋಡಿ. "ನಮ್ ನೀಲ ಮಾಡಿದ್ದು ನನ್ ಬಾಯ್ಗೆ ಆಗಲ್ವಾ?" ಎಂದುಬಿಟ್ಟ. ಅವನ ದವಡೆಯನ್ನು ಪ್ರಿಂಟ್ ಮಾಡುವಾಗ ಕೈ ತಗಲದಿರಲೆಂದು ಯಂತ್ರದಿಂದ ದೂರ ನಿಂತಿದ್ದೆ. ಯಂತ್ರಕ್ಕೆ ನನ್ನ ಕೈ ಬೇಕಾಗಿಯೇ ಇರಲಿಲ್ಲ, ಆದರೂ.

ಆಪರೇಷನ್ ಚೆನ್ನಾಗಿಯೇ ಆಯಿತು. ಲೋಹದ ಪಟ್ಟಿಯ ಆಸರೆಯಲ್ಲಿ ಸ್ಕ್ಯಾಫೋಲ್ಡ್ ಕೂತಿತು. ಒಸಡಿನಲ್ಲಿ ಒಂದು ಕಡೆ ಮಾತ್ರ ಗಾಯ ಪೂರ್ತಿ ಕೂಡಲಿಲ್ಲ. ಡಾಕ್ಟರು ನನ್ನನ್ನು ಕರೆದು ಕಡ್ಡಿ ಮುರಿದ ಹಾಗೆ ಹೇಳಿದರು: ಗಟ್ಟಿ ಪದಾರ್ಥ ಅಗಿಯುವಂತಿಲ್ಲ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಂತೂ ಬಾಯಿಯ ಹತ್ತಿರವೂ ಬರಕೂಡದು. ಆ ಸಂದಿಯಿಂದ ಕಸ ಇಳಿದು ಕೀವಾದರೆ ಎಲ್ಲವನ್ನೂ ಬಿಚ್ಚಿ ತೆಗೆಯಬೇಕು, ಮತ್ತೆ ಕೂರಿಸಲಾಗದು. ಆಮೇಲೆ ಕುಸಿದ ಗಲ್ಲ, ಬದುಕಿರುವಷ್ಟು ಕಾಲ ಗಂಜಿ, ತೊದಲು ಮಾತು. ಆನೆಯನ್ನು ಗದರಿಸುವ ಗಂಟಲಿಗೆ ದವಡೆ ಇಲ್ಲವೆಂದರೆ ದೊಡ್ಡಪ್ಪ ಇದ್ದೂ ಇಲ್ಲದವನೇ.

ಅವನು ಎಲೆಚೀಲವನ್ನು ಅಜ್ಜಿಗೆ ಒಪ್ಪಿಸಿದ. ಅವನ ಮಗಳು ಭಾನು ದಿನವೂ ಅಂಬಲಿಯನ್ನು ಸೋಸಿ ಬೋಗುಣಿಯಲ್ಲಿ ಹಿಡಿಯುತ್ತಿದ್ದಳು. ಅವನು ಮುಖ ಸಿಂಡರಿಸುತ್ತ, ಬಯ್ಯುತ್ತ, ಕುಡಿಯುತ್ತಿದ್ದ.

ನಾವು ಎಡವಿದ್ದು ಬೇರೆ ಕಡೆ. ಹೊಗೆಸೊಪ್ಪು ತಿನ್ನುವವನ ಬಾಯಿಗೆ ಕತ್ತಿ ಬಿತ್ತೆಂದರೆ ನಮ್ಮ ಕಡೆ ಜನ ಹೇಳುವುದು ಒಂದೇ ಮಾತು, ಕ್ಯಾನ್ಸರ್. ಅದೇ ಹೊತ್ತಿಗೆ ಭಾನುವಿಗೆ ಚಾಮರಾಜನಗರದ ಬಸ್ ಡಿಪೊ ಮೆಕ್ಯಾನಿಕ್ ಗಿರೀಶನ ಸಂಬಂಧ ಕೂಡಿಬಂದಿತ್ತು. "ಹಲ್ ಕೀಳ್ಸುದ್ದು ಅನ್ನಿ, ಸಾಕು" ಎಂದು ಅಜ್ಜಿ ತೀರ್ಪು ಕೊಟ್ಟಳು. ಗಾಯದ ಗೆರೆಯನ್ನು ಗಡ್ಡ ಮುಚ್ಚಿತು. ಎಲ್ಲರೂ ತಲೆಯಾಡಿಸಿದೆವು.

ಭಾನುವಾರ ಬೆಳಿಗ್ಗೆ ಗಂಡಿನವರು ಗುಂಡ್ಲುಪೇಟೆ ಪಕ್ಕದ ನಮ್ಮೂರಿಗೆ ಬಂದರು. ಗಿರೀಶ್, ಅವನ ಅಪ್ಪ ರಾಚಯ್ಯ, ಒಂದಿಬ್ಬರು ನೆಂಟರು. ನಮ್ಮ ಕಡೆಯಿಂದ ಕುಲದ ಯಜಮಾನ ಮಾರಯ್ಯ. ಒಪ್ಪಿಗೆಯ ವೀಳ್ಯವನ್ನು ಹೆಣ್ಣಿನ ಅಪ್ಪ, ಗಂಡಿನ ಅಪ್ಪ ಒಂದೇ ತಟ್ಟೆಯಿಂದ ತೆಗೆದು ಯಜಮಾನರ ಎದುರು ಅಗಿಯಬೇಕು. ಇಬ್ಬರ ಬಾಯಿಯೂ ಕೆಂಪಾದರೆ ಮಾತು ಕೊಟ್ಟ ಹಾಗೆ. ಅಲ್ಲಿಯವರೆಗೆ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ.

ಇದಕ್ಕೂ ಅಜ್ಜಿ ಉಪಾಯ ಹೂಡಿದ್ದಳು. ತಟ್ಟೆಗೆ ನಮ್ಮಪ್ಪ ಕೈ ಚಾಚಿದ. ಮಾರಯ್ಯ ತಡೆದ.

"ಎತ್ತ ಅಪ್ಪನೇ ಕುಂತಿರುವಾಗ ಚಿಕ್ಕಪ್ಪನ ಬಾಯಿ ಯಾತಕ್ಲಾ ಮಾಲಿಂಗ?"

ನಮ್ಮಪ್ಪ ಕೈ ಹಿಂದಕ್ಕೆಳೆದುಕೊಂಡ. ದೊಡ್ಡಪ್ಪ ತಟ್ಟೆಯನ್ನೇ ನೋಡುತ್ತ ಕೂತ. ಆಮೇಲೆ ತಲೆ ಎತ್ತಿ, ಅಡುಗೆಮನೆಯ ಬಾಗಿಲಲ್ಲಿ ಭಾನುವಿನ ಪಕ್ಕ ನಿಂತಿದ್ದ ನನ್ನತ್ತ ನೋಡಿದ. ಬೇಡವೆಂದು ತಲೆಯಾಡಿಸಿದೆ. ಅವನು ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಿಚಿದ ಎಲೆಯನ್ನು ಬಾಯಿಗಿಟ್ಟು ಬಲಗೆನ್ನೆಗೆ ಒತ್ತಿಕೊಂಡ. ಅಗಿಯಲಿಲ್ಲ.

ರಾಚಯ್ಯನ ಬಾಯಿ ಆಗಲೇ ಕೆಂಪಾಗಿತ್ತು.

"ಅಗೀಲಾ ಚಿಕ್ಕಬಸ್ವ, ಎಲೆ ಏನ್ ಕಚ್ಚದಾ?" ಎಂದ ಮಾರಯ್ಯ. ಎಲ್ಲರೂ ನಕ್ಕರು.

ದೊಡ್ಡಪ್ಪನ ದವಡೆ ಒಂದು ಸಲ ಅಲುಗಿತು. ಅದರೊಳಗಿನ ಒಂದೊಂದು ಎಳೆಯೂ ನನಗೆ ಗೊತ್ತಿತ್ತು. ಯಜಮಾನನ ಮೇಲೆ, ಅಜ್ಜಿಯ ಮೇಲೆ, ಕಂಬದ ಹಾಗೆ ನಿಂತ ನನ್ನ ಮೇಲೂ ಕೋಪ ಉಕ್ಕಿತು.

"ಸುಣ್ಣ, ಅಡ್ಕೆಚೂರು ಆ ಗಾಯ್ದೊಳಕ್ ಇಳುದ್ರೆ ಮುಗೀತು ಕಣಮ್ಮಿ" ಎಂದೆ ಭಾನುವಿನ ಕಿವಿಯಲ್ಲಿ.

ಕರೆಯುವ ತನಕ ಹುಡುಗಿ ಹಜಾರಕ್ಕೆ ಕಾಲಿಡುವಂತಿಲ್ಲ. ಭಾನು ಅಂಬಲಿಯ ಬೋಗುಣಿ ತೆಗೆದುಕೊಂಡು ನೆಟ್ಟಗೆ ನಡೆದು, ಅಪ್ಪನ ಮುಂದೆ ಮಂಡಿಯೂರಿ, ಅದನ್ನು ಅವನ ಗಲ್ಲದ ಕೆಳಗೆ ಹಿಡಿದಳು.

"ಉಗಿಯಪ್ಪ."

ಅವನು ತಲೆ ಅಲ್ಲಾಡಿಸಿದ. ಕಣ್ಣಲ್ಲಿ ನೀರು ಬಂದಿತ್ತು.

"ಉಗಿ ಅಂದೆ. ನಿನ್ ದವ್ಡೆ ಕೊಟ್ಟು ನಂಗೆ ಮದ್ವೆ ಮಾಡ್ಬ್ಯಾಡ."

ದೊಡ್ಡಪ್ಪ ಉಗಿದ.

"ನಮ್ ಮಾತ್ನೇ ಉಗುದ್ಬುಟ್ರಾ?" ಎಂದು ರಾಚಯ್ಯ ಎದ್ದು ನಿಂತ. ನೆಂಟನೊಬ್ಬ ಮೆಲ್ಲಗೆ "ಕ್ಯಾನ್ಸರ್ರು" ಎಂದ. ಅದು ಕೇಳಿದ್ದೇ ತಡ, ನನ್ನ ನಾಲಗೆ ಬಿಚ್ಚಿಕೊಂಡಿತು. ಒಳಗಿಂದ ಚೀಲ ತಂದು, ಕಾರ್ಖಾನೆಯ ಮಾದರಿ ತುಂಡೊಂದನ್ನು ರಾಚಯ್ಯನ ಅಂಗೈಗೆ ಹಾಕಿ, ಗಡ್ಡೆಯಿಂದ ಚಪ್ಪರದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಗಿರೀಶ್ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇದು ಕರಗೋದ್ರೊಳ್ಗೆ ಮೂಳೆ ಬಲೀತದಾ?" ಎಂದು ಕೇಳಿದ.

"ಬಲೀಬೇಕು" ಎಂದೆ.

"ಉಗುದ್ ಮೇಲೆ ಮಾತು ನಿಲ್ಲಕಿಲ್ಲ. ಅದು ಕಟ್ಲೆ" ಎಂದ ಮಾರಯ್ಯ.

"ಕಾಯ್ಲೆ ಯಾರ್ಗೂ ಬತ್ತದೆ, ಸುಳ್ ಯಾಕೇಳುದ್ರಿ?" ಎಂದ ರಾಚಯ್ಯ. "ಮೂಳೆ ಬರ್ಲಿ, ಆಮೇಲ್ ನೋಡನ." ಮಾಡಿದ ಅಡುಗೆ ಹಾಗೆಯೇ ಉಳಿಯಿತು. ಅವರು ಹೊರಟುಹೋದರು.

ಎರಡು ದಿನಕ್ಕೆ ಗಲ್ಲ ಊದಿತು, ಜ್ವರ ಬಂತು. ಭಾನು, ನಾನು ಅವನನ್ನು ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಒಸಡು ತೊಳೆದು, ಸಂದಿಯಿಂದ ಒಂದು ಚೂರು ಅಡಿಕೆ ತೆಗೆದು ತೋರಿಸಿ, ಔಷಧ ಹಾಕಿ ಅವನನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಸ್ಕ್ಯಾಫೋಲ್ಡನ್ನು ತೆಗೆಯಬೇಕೋ ಉಳಿಸಬಹುದೋ ಹೇಳಲಾರೆವು ಎಂದರು. ನಾನು ಕೆಲಸಕ್ಕೆ ಹೋದರೂ ಯಂತ್ರದ ಮುಂದೆ ನಿಂತರೆ ಆ ಅಡಿಕೆ ಚೂರೇ ಕಣ್ಣಿಗೆ ಕಟ್ಟುತ್ತಿತ್ತು. ಜ್ವರ ಇಳಿಯಿತು. ಊತ ಇಳಿಯಿತು. ಗಾಯವೂ ಹಟ ಬಿಟ್ಟು ಕೂಡಿಕೊಂಡಿತು. ಒಳಗೆ ಮೂಳೆ ಹಬ್ಬುತ್ತಿದೆಯೋ ಇಲ್ಲವೋ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಈ ನಡುವೆ ಗಿರೀಶ್ ಆಗಾಗ ನನಗೆ ಫೋನ್ ಮಾಡಿ "ಮೂಳೆ ಎಂಗದೆ?" ಎಂದು ಕೇಳುತ್ತಿದ್ದ. ಕೇಳುತ್ತಿದ್ದದ್ದು ಮೂಳೆಯನ್ನೋ ಭಾನುವನ್ನೋ, ಆ ಮಾದೇಶ್ವರನೇ ಬಲ್ಲ.

ಮಳೆಗಾಲ ಕಳೆದ ಮೇಲೆ ಸ್ಕ್ಯಾನ್ ಆಯಿತು. ಹಿಂದೆ ಬರೀ ಕಪ್ಪಾಗಿದ್ದ ಸಂದಿಯಲ್ಲಿ ಎರಡೂ ತುದಿಯಿಂದ ಬಿಳಿ ಹಬ್ಬಿ ನಡುವೆ ಕೂಡಿಕೊಂಡಿತ್ತು. "ಸ್ವಂತ ಮೂಳೆ" ಎಂದರು ಡಾಕ್ಟರು. ಮೆತ್ತನೆಯದನ್ನು ಅಗಿಯಬಹುದು, ಅಡಿಕೆ ಹೊಗೆಸೊಪ್ಪು ಮಾತ್ರ ಈ ಜನ್ಮಕ್ಕಿಲ್ಲ. ನಾನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಜನ ನೋಡುತ್ತಿದ್ದಾರೆಂಬ ಪರಿವೆಯೂ ಇಲ್ಲದೆ ಅತ್ತೆ.

ರಾಚಯ್ಯ ಮಗನೊಡನೆ ಮತ್ತೆ ಬಂದ. ಅದೇ ಚಾಪೆ, ಅದೇ ತಟ್ಟೆ. ದೊಡ್ಡಪ್ಪ ಬರೀ ಎಲೆಯನ್ನಷ್ಟೇ ತೆಗೆದುಕೊಂಡ.

"ಬರೀ ಎಲೇಲಿ ಬಾಯಿ ಕೆಂಪಾಗಕಿಲ್ಲ ಕಣ್ಲಾ" ಎಂದು ಮಾರಯ್ಯ ಗೊಣಗಿದ.

ರಾಚಯ್ಯ ತನ್ನ ಅಡಿಕೆಯನ್ನೂ ತಟ್ಟೆಗೆ ಹಿಂದಕ್ಕೆ ಹಾಕಿದ. "ಕೆಂಪಾಗ್ದೆ ಬಾಯಿ ಅಸ್ರಾದ್ರೂ ಮಾತು ಮಾತೇ, ಯಜಮಾನ್ರೆ."

ದೊಡ್ಡಪ್ಪ ಎಲೆಯನ್ನು ಬಾಯಿಗಿಡಲಿಲ್ಲ. ಬಾಗಿಲ ಕಡೆ ತಿರುಗಿದ. "ಭಾನು, ಬಾ ಇಲ್ಲಿ. ಆವತ್ತು ನಿನ್ನ ಯಾರೂ ಕೇಳ್ನಿಲ್ಲ. ನಿಂಗೆ ಒಪ್ಗೆನಾ ಮಗಾ?"

ಅವಳು ಬಂದು ಅವನ ಮುಂದೆ ಕೂತಳು. ಗಿರೀಶನ ಕಡೆ ನೋಡಲೇ ಇಲ್ಲ, ಅಪ್ಪನ ಗಲ್ಲವನ್ನೇ ನೋಡಿದಳು.

"ಒಪ್ಗೆ. ಬಾಯ್ಗೆ ಆಕ್ಕೊಳಪ್ಪ" ಎಂದಳು. "ಎಡಗಡೆಲೇ ಅಗಿ, ನಾನ್ ನೋಡ್ಬೇಕು."

ದೊಡ್ಡಪ್ಪ ಎಲೆಯನ್ನು ಮಡಿಚಿ ಎಡಗೆನ್ನೆಗೆ ಇಟ್ಟುಕೊಂಡು, ಮೆಲ್ಲಗೆ ಅಗಿದ.