ಹೂಂ ಅನ್ನಬೇಕಾದವರು

ನನ್ನ ಹೆಂಡತಿಯ ಚೊಚ್ಚಲ ಹೆರಿಗೆ ಬಿಜೂರಿನಲ್ಲಿ, ಅವಳ ತಾಯಿಮನೆಯಲ್ಲಿ. ಆಗ ನಾನು ಸಾಲಿಗ್ರಾಮದ ಹತ್ತಿರದ ಒಂದು ಶಾಲೆಯಲ್ಲಿ ಮೇಷ್ಟ್ರು. ನೋವು ಶುರುವಾಗಿದೆ ಎಂದು ಹೇಳಿ ಕಳಿಸಿದರು, ಬಸ್ಸು ಹತ್ತಿ ಹೋದೆ. ಹೋಗಿ ಮಾಡಿದ್ದೇನು? ಜಗಲಿಯಲ್ಲಿ ಕೂತದ್ದು, ಅಂಗಳಕ್ಕೆ ಇಳಿದದ್ದು, ಮತ್ತೆ ಜಗಲಿಗೆ ಬಂದದ್ದು. ಒಳಗಿನಿಂದ ಅವಳು ನರಳುವುದು ಕೇಳಿದಾಗಲೆಲ್ಲ ಧಡಕ್ಕನೆ ಎದ್ದು ನಿಲ್ಲುತ್ತಿದ್ದೆ. ಎದ್ದು ನಿಂತವನಿಗೆ ಹೋಗಲು ಜಾಗವಿಲ್ಲ, ಮತ್ತೆ ಕೂರುತ್ತಿದ್ದೆ.

ನಮ್ಮದು ಅಳಿಯಕಟ್ಟು. ಆಸ್ತಿ, ಮನೆತನ ಎಲ್ಲವೂ ತಾಯಿಯ ಕಡೆಯಿಂದ ಬರುವಂಥದು. ಮನೆಯ ಯಜಮಾನ ಅಂದರೆ ಅಲ್ಲಿನ ಹೆಣ್ಣುಮಕ್ಕಳ ಗಂಡನಲ್ಲ; ಅವರ ಅಣ್ಣ, ಇಲ್ಲವೇ ಸೋದರಮಾವ. ನನ್ನ ಅಕ್ಕನ ಮನೆಯಲ್ಲಿ ನಾನೇ ಆ ಸೋದರಮಾವ. ಅಲ್ಲಿ ನಾನು ಹೆಬ್ಬಾಗಿಲಲ್ಲಿ ಕೆಮ್ಮಿದರೆ ಸಾಕು, ಒಳಗೆ ಮಕ್ಕಳು ಪುಸ್ತಕ ತೆಗೆಯುತ್ತಿದ್ದವು. ಬಿಜೂರಿನಲ್ಲಿ ನಾನು ನೆಂಟ. ಹೋದ ಕೂಡಲೇ ಚಾಪೆ ಹಾಸುತ್ತಿದ್ದರು, ಬೆಲ್ಲ ನೀರು ಕೊಡುತ್ತಿದ್ದರು, ಬಡಿಸುವಾಗ ಮೀನಿನ ನಡುತುಂಡು ಹುಡುಕಿ ನನ್ನ ಎಲೆಗೇ ಹಾಕುತ್ತಿದ್ದರು. ಅಭಿಪ್ರಾಯ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ಮನೆಗೆ ಯಜಮಾನರು ನನ್ನ ಹೆಂಡತಿಯ ಸೋದರಮಾವ. ನಮ್ಮ ಗ್ರಹಚಾರಕ್ಕೆ ಅವರು ಕೋಣ ಕೊಳ್ಳಲು ಭಟ್ಕಳದಾಚೆ ಹೋಗಿದ್ದರು. ಕರೆತರಲು ಆಳು ಹೋಗಿದ್ದ, ಅವನ ಸುದ್ದಿಯೂ ಇರಲಿಲ್ಲ. ಮನೆಯಲ್ಲಿ ಇದ್ದವರು ನನ್ನ ಅತ್ತೆ ಮತ್ತು ಅತ್ತೆಯ ತಾಯಿ, ನನ್ನ ಹೆಂಡತಿಯ ಅಜ್ಜಿ. ಮರುದಿನ ಬೆಳಗಾದರೂ ಹೆರಿಗೆ ಆಗಲಿಲ್ಲ. ಊರಿನ ಸೂಲಗಿತ್ತಿ ಹೊರಗೆ ಬಂದು ಕೈ ಚೆಲ್ಲಿ ಕೂತಳು. ಆಗ ಅಜ್ಜಿ ನನ್ನನ್ನು ಕರೆದು, "ಹ್ವಾಯ್, ಬೈಂದೂರಿಗ್ ಹೋಯಿ ನರ್ಸಮ್ಮನ್ನ ಕರ್ಕಂಡ್ ಬನಿ" ಅಂದರು. ಮಾಡಲು ಒಂದು ಕೆಲಸ ಸಿಕ್ಕಿತಲ್ಲ ಎಂದು ನಾನು ಹೆಚ್ಚುಕಮ್ಮಿ ಓಡಿದೆ.

ನರ್ಸಮ್ಮ ಮೈಸೂರು ಕಡೆಯವರು. ರಾಜ್ಯ ಒಂದಾದ ಮೇಲೆ ನಮ್ಮ ಕಡೆಗೆ ವರ್ಗವಾಗಿ ಬಂದು ಸ್ವಲ್ಪವೇ ಸಮಯ ಆಗಿತ್ತು. ಚುರುಕಿನ ಹೆಂಗಸು, ನಡಿಗೆಯಲ್ಲೇ ಅರ್ಧ ಕೆಲಸ ಮುಗಿಸುವಂಥವರು. ದಾರಿಯುದ್ದಕ್ಕೂ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವನು ನಾನು. ಹಾಗಾಗಿ ಅವರ ಲೆಕ್ಕದಲ್ಲಿ ಆ ಮನೆಯ ಕಡೆಯಿಂದ ಮಾತಾಡುವವನು ನಾನೇ ಆಗಿಬಿಟ್ಟೆ. ಅತ್ತೆ ತಂದಿಟ್ಟ ಬೆಲ್ಲ ನೀರನ್ನು ಮುಟ್ಟದೆ, ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ ಅಜ್ಜಿಯನ್ನು ಕಣ್ಣೆತ್ತಿಯೂ ನೋಡದೆ ನೆಟ್ಟಗೆ ಒಳಗೆ ನಡೆದರು.

ಹೊರಗೆ ಬಂದಾಗ ಅವರ ಮುಖ ಬಿಳುಚಿತ್ತು. ಅಂಗಳದಲ್ಲಿ ನನ್ನ ಎದುರು ನಿಂತು, "ಮಗು ಅಡ್ಡ ತಿರುಗಿದೆ ಕಣ್ರೀ. ಇದು ನನ್ನ ಕೈಲಾಗೋ ಕೆಲ್ಸ ಅಲ್ಲ. ಕುಂದಾಪುರದ ದೊಡ್ಡಾಸ್ಪತ್ರೆಗೆ ಈಗಿಂದೀಗ್ಲೇ ಹೋಗ್ಬೇಕು. ಹೂಂ ಅನ್ನಿ, ಹೊರಡೋಣ" ಅಂದರು.

ನಾನು ಹೂಂ ಅನ್ನಲಿಲ್ಲ. ಅಜ್ಜಿಯ ಕಡೆ ನೋಡಿದೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ತೆಂಗಿನ ಮರದ ಕಡೆ ನೋಡುತ್ತಿದ್ದರು.

"ಅವಳ ಸೋದರಮಾವ ಬರಬೇಕು," ಅಂದೆ.

"ಸೋದರಮಾವ ಯಾಕ್ರೀ? ಗಂಡ ಇಲ್ಲೇ ನಿಂತಿದೀರಲ್ಲ! ಹೆಂಡ್ತಿ ನಿಮ್ಮೋಳಾ, ಅವರೋಳಾ?"

ಎರಡೂ ಹೌದು. ನಾನು ಹೂಂ ಅಂದರೂ ಆ ಮನೆಯ ಒಂದು ಕುರ್ಚಿ ಅಲ್ಲಾಡುತ್ತಿರಲಿಲ್ಲ. ಆಳುಗಳು ಅವಳನ್ನು ಹೊರುತ್ತಿರಲಿಲ್ಲ, ಅತ್ತೆ ಅವಳ ಕೈ ಬಿಡುತ್ತಿರಲಿಲ್ಲ. ಅದನ್ನೆಲ್ಲ ಮೀರಿ ಕರೆದುಕೊಂಡು ಹೋಗಿ, ದಾರಿಯಲ್ಲೋ ಹೊಳೆಯ ನಡುವೆಯೋ ಏನಾದರೂ ಆದರೆ? ಆ ಮನೆಯ ಹೆಣ್ಣು ಹೊರಗಿನವನ ಮಾತಿಗೆ ಹೋಯಿತು ಅನ್ನುತ್ತಾರೆ. ಇಷ್ಟೆಲ್ಲ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಬಾಯಿಯಿಂದ ಬಂದದ್ದು ಮಾತ್ರ, "ಸ್ವಲ್ಪ ಕಾಯುವ."

"ಕಾಯೋದಾ? ಒಳಗೆ ಅವಳು ಸಾಯ್ತಿದಾಳೆ! ನಮ್ಮೂರಲ್ಲಾಗಿದ್ರೆ ಗಂಡ ಆದೋನು ಎತ್ಕೊಂಡೇ ಓಡ್ತಿದ್ದ!"

ಅದೇ ಹೊತ್ತಿಗೆ ಒಳಗಿನಿಂದ ಅವಳು ಕೂಗಿದಳು. ಹೆದರಿಕೆಯೋ ಸಿಟ್ಟೋ, ಶಾಲೆಯ ಮಾತೆಲ್ಲ ಮರೆತು ನಮ್ಮ ಮನೆಮಾತಿನಲ್ಲೇ ಸಿಡಿದೆ: "ಇದ್ ನಿಮ್ಮೂರಲ್ಲ ಮಾರಾಯ್ರೆ! ನನ್ನತ್ರ ಕೇಂಡ್ರೆ ಎಂತ ಪ್ರಯೋಜನ? ನಾನಿಲ್ಲಿ ನೆಂಟ. ಕೇಣುದಾರೆ ಅಲ್ಲಿ ಕೂತಿದ್ರಲೆ, ಅವ್ರನ್ನ ಕೇಣಿ!"

ನರ್ಸಮ್ಮ ತಿರುಗಿ ನೋಡಿದರು. ಅಲ್ಲಿಯವರೆಗೂ ಅಜ್ಜಿ ಅವರ ಪಾಲಿಗೆ ಜಗಲಿಯ ಮೂಲೆಯ ಒಬ್ಬ ಮುದುಕಿ, ಅಷ್ಟೆ. ಈಗ ಚಪ್ಪಲಿ ಕಳಚಿ, ಜಗಲಿ ಹತ್ತಿ, ಅಜ್ಜಿಯ ಎದುರು ನೆಲದ ಮೇಲೆ ಕೂತರು. ಅಲ್ಲೇ ಇದ್ದ ಬೆಲ್ಲ ನೀರನ್ನು ಎತ್ತಿ ಕುಡಿದರು. ಮಗು ಹೇಗೆ ಮಲಗಿದೆ, ಯಾಕೆ ಹೊರಗೆ ಬರಲಾರದು ಎಂಬುದನ್ನು ಎರಡೂ ಕೈಯಲ್ಲಿ ತೋರಿಸಿ ನಿಧಾನವಾಗಿ ಹೇಳಿದರು. ಅಜ್ಜಿಗೆ ಅರ್ಥವಾಗದ ಕಡೆ ಅತ್ತೆ ಬಾಗಿಲಿನಿಂದಲೇ ನಮ್ಮ ಮಾತಿನಲ್ಲಿ ಹೇಳಿದರು. ಕಡೆಗೆ ನರ್ಸಮ್ಮ, "ಅಜ್ಜೀ, ನಿಮ್ಮ ಮೊಮ್ಮಗಳನ್ನ ಕರ್ಕೊಂಡು ಹೋಗ್ಲಾ?" ಎಂದು ಕೇಳಿದರು.

ಅಜ್ಜಿ ಎಲೆಯನ್ನು ಹರಿವಾಣದಲ್ಲಿ ಇಟ್ಟರು. "ಮದ್ಲೇ ಕೇಣುಕಾಗ್ದಾ ಅಮ್ಮ? ನೀವ್ ಗಂಡ್ಸಿನ ಹತ್ರ ಮಾತಾಡ್ತಾ ಇದ್ರಿ. ನಿಮ್ಮೂರ್ ಕ್ರಮ ಹಾಂಗೆ ಇಕ್ಕ್, ಮಧ್ಯ ಬಾಯ್ ಹಾಕುದ್ ಚಂದ ಅಲ್ಲ ಅಂದೇಳಿ ನಾ ಸುಮ್ನೆ ಕೂತಿದ್ದೆ. ಜೀವ ಬಾಯಿಗ್ ಬಂದಿತ್ತ್ ನಂಗೆ."

ಇಷ್ಟು ಹೊತ್ತು ನಾನು ಅವರಿಗೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿದ್ದೆ, ಅವರು ನರ್ಸಮ್ಮನಿಗೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿದ್ದರು. ಒಳಗೆ ಅವಳು ಒದ್ದಾಡುತ್ತಿದ್ದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆದರೂ ಬಾಯಿ ತಡೆಯದೆ, "ಮಾವ ಬರ್ಲಿಲ್ಲ ಅಲ್ದಾ?" ಅಂದೆ.

"ಅವ ಯಜಮಾನ ಆದ್ದ್ ನಾ ಹೆತ್ತದ್ದಕ್ಕೆ. ಬಂದ್ ಕೇಂಡ್ರೆ ನಾ ಹೇಳ್ತೆ," ಅಂದ ಅಜ್ಜಿ ಅಂಗಳದ ಕಡೆ ತಿರುಗಿ ಕೂಗಿದರು, "ಎಂತ ಕಾಂತಾ ನಿಂತಿದ್ರಿ ಎಲ್ಲ? ಕುರ್ಚಿ ತಕಂಡ್ ಬನಿ!"

ಅಷ್ಟೇ. ಅಲ್ಲಿಯವರೆಗೆ ಕಲ್ಲಿನ ಹಾಗಿದ್ದ ಮನೆ ಎದ್ದು ಓಡಾಡಿತು. ಆರಾಮ ಕುರ್ಚಿಗೆ ಬಿದಿರಿನ ಗಳ ಕಟ್ಟಿ, ಅವಳನ್ನು ಕೂರಿಸಿ, ನಾಲ್ವರು ಆಳುಗಳು ಗದ್ದೆಯ ಅಂಚಿನ ಮೇಲೆ ಹೊತ್ತು ರಸ್ತೆಗೆ ತಂದರು. ಬಾಡಿಗೆ ಕಾರು ಸಿಕ್ಕಿತು. ಹಿಂದಿನ ಸೀಟಿನಲ್ಲಿ ಅಜ್ಜಿಯ ಮಡಿಲಲ್ಲಿ ಅವಳ ತಲೆ. ಕಣ್ಣು ಮುಚ್ಚಿದ್ದಳು, ತುಟಿ ಒಣಗಿ ಬಿರಿದಿತ್ತು. ನರ್ಸಮ್ಮ ನಾಡಿ ಹಿಡಿದು ಕೂತಿದ್ದರು. ಮುಂದಿದ್ದ ನಾನು ಹಿಂದೆ ತಿರುಗಿ ನೋಡುವುದು, ನರ್ಸಮ್ಮನ ಮುಖ ನೋಡಿ ಹೆದರಿ ಮುಂದೆ ತಿರುಗುವುದು, ಇದನ್ನೇ ಮಾಡುತ್ತಿದ್ದೆ.

ಸ್ವಲ್ಪ ದೂರ ಹೋದ ಮೇಲೆ ನರ್ಸಮ್ಮ ತಗ್ಗಿದ ದನಿಯಲ್ಲಿ, "ಮೇಷ್ಟ್ರೇ, ಈ ಕಡೆ ಎಲ್ಲಾ ಮನೇಲೂ ಹೀಗೇನಾ?" ಎಂದರು.

"ಎಲ್ಲ ಮನೆ ಅಲ್ಲ. ಆದರೆ ತುಂಬ ಮನೆಗಳಲ್ಲಿ ಹೀಗೇ. ಮೀನುಗಾರರಲ್ಲೂ ಇದೆ. ಗಂಡಸರು ಕಡಲಿಗೆ ಹೋದಾಗ ಮನೆಯಲ್ಲಿ ಇರುವವರೂ ಹಿರಿಯ ಹೆಂಗಸರೇ ಅಲ್ಲವೇ?"

"ಹೋದ ತಿಂಗಳು ಯಡ್ತರೆ ಹತ್ರ ಒಂದು ಮನೇಲಿ ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ. ತಲೆ ತಗ್ಗಿಸ್ಕೊಂಡು ನಿಂತೇ ಇದ್ದ. ಎಂಥಾ ಕಲ್ಲು ಮನುಷ್ಯ ಅಂದ್ಕೊಂಡೆ."

"ಆಮೇಲೆ?"

"ಹೊರಡೋದು ತಡ ಆಯ್ತು. ಮಗು ಉಳೀಲಿಲ್ಲ."

ಯಾಕಾದರೂ ಕೇಳಿದೆನೋ ಅನ್ನಿಸಿತು.

ಕುಂದಾಪುರಕ್ಕಿಂತ ಮುಂಚೆ ಹೊಳೆ. ಆಗಿನ್ನೂ ಸೇತುವೆ ಆಗಿರಲಿಲ್ಲ, ಕಡವಿನಲ್ಲಿ ದೋಣಿ ಹತ್ತಿ ದಾಟಬೇಕು. ನಾವು ಹೋದಾಗ ದೋಣಿ ಆಚೆ ದಡದಲ್ಲಿತ್ತು. "ಹ್ವಾಯ್! ಹ್ವಾಯ್!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ದೋಣಿಯವನು ಬೀಡಿ ಎಸೆದು, ಪಂಚೆ ಬಿಗಿದು, ಹುಟ್ಟು ತೆಗೆದು ಹೊರಡುವಷ್ಟರಲ್ಲಿ ನಾನು ಅವನಿಗೂ ಅವನ ವಂಶಕ್ಕೂ ಮನಸ್ಸಿನಲ್ಲೇ ಹಿಡಿಶಾಪ ಹಾಕಿದ್ದೆ. ಪಾಪ, ಅವನು ಆವತ್ತು ಇದ್ದ ಶಕ್ತಿಯೆಲ್ಲ ಹಾಕಿ ಹುಟ್ಟು ಹಾಕಿದ. ಭಾರ ಸರಿಹೋಗಲಿ ಎಂದು ನನ್ನನ್ನು ದೋಣಿಯ ಮೂತಿಯ ಹತ್ತಿರ ಕೂರಿಸಿದರು. ಹೆಂಗಸರು ಆ ತುದಿಯಲ್ಲಿ. ಗಾಳಿಗೆ ಅವರ ಮಾತು ಒಂದೂ ಕೇಳಿಸಲಿಲ್ಲ.

ಆಸ್ಪತ್ರೆಯ ಒಳಗೆ ಅವಳನ್ನು ಕರೆದುಕೊಂಡು ಹೋದರು. ಡಾಕ್ಟರು ಬೇಗನೆ ಹೊರಗೆ ಬಂದರು. "ಆಪರೇಷನ್ ಮಾಡದೆ ಬೇರೆ ದಾರಿ ಇಲ್ಲ. ತಡವಾಗಿ ತಂದಿದ್ದೀರಿ. ಪ್ರಯತ್ನ ಮಾಡುತ್ತೇನೆ, ಭರವಸೆ ಕೊಡಲಾರೆ. ಒಪ್ಪಿಗೆ ಯಾರದ್ದು?"

ನಾನು ಅಜ್ಜಿಯ ಮುಖ ನೋಡಿದೆ. ನರ್ಸಮ್ಮ ನನ್ನ ಮುಖ ನೋಡುತ್ತಿದ್ದರು.

"ನಾ ಅಲ್ಲ," ಅಂದರು ಅಜ್ಜಿ ನನ್ನತ್ತ ಕೈ ತೋರಿಸಿ, "ಇವ್ರ್ ಹೇಳ್ಕ್."

ಹಿಂದಿನ ದಿನದಿಂದ ಅಂಗಳದಲ್ಲಿ ಶತಪಥ ಹಾಕುತ್ತ ನಾನು ಮನಸ್ಸಿನಲ್ಲಿ ಕುದ್ದದ್ದು ಇದಕ್ಕೇ: ನನ್ನ ಹೆಂಡತಿಯ ವಿಷಯದಲ್ಲಿ ನನ್ನ ಮಾತಿಗೆ ಬೆಲೆಯಿಲ್ಲವಲ್ಲ ಎಂದು. ಈಗ ಮಾತು ನನ್ನ ಬಾಯಿಗೇ ಬಂದಿತ್ತು. ಬಂದರೆ ನಾಲಗೆ ಏಳಲೊಲ್ಲದು. ಬೇಡ ಅಂದರೆ ಖಂಡಿತ ಸಾಯುತ್ತಾಳೆ. ಹೂಂ ಅಂದು ಸತ್ತರೆ ಅದು ನನ್ನ ಹೂಂ. ಯಜಮಾನರು ಬರಲಿ ಎಂದು ಕಾಯುವುದು ಎಷ್ಟು ಸುಖದ ಕೆಲಸವಾಗಿತ್ತು ಎಂದು ಆಗ ತಿಳಿಯಿತು.

"ಬೇಗ ಹೇಳಿ," ಅಂದರು ಡಾಕ್ಟರು.

"ಹೂಂ," ಅಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೊಮ್ಮೆ, "ಹೂಂ, ಮಾಡಿ" ಅಂದೆ. ನರ್ಸಮ್ಮನೂ ಅವರ ಹಿಂದೆ ಒಳಗೆ ಹೋದರು, ಬಾಗಿಲು ಮುಚ್ಚಿತು.

ಆ ಬೆಂಚಿನ ಮೇಲೆ ಕೂತ ಹೊತ್ತನ್ನು ನಾನು ಬರೆಯಲಾರೆ. ಅಜ್ಜಿ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದರು. ನಾನು ಬಾಗಿಲನ್ನೇ ನೋಡುತ್ತಿದ್ದೆ. ಒಳಗೆ ಪಾತ್ರೆ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ. ಕೊನೆಗೆ ನರ್ಸಮ್ಮ ಹೊರಗೆ ಬಂದು, "ಹೆಣ್ಣು ಮಗು. ತಾಯಿ ಉಳ್ಕೊಂಡ್ಲು ಮೇಷ್ಟ್ರೇ, ಉಳ್ಕೊಂಡ್ಲು" ಅನ್ನುತ್ತ ಗೋಡೆಗೆ ಒರಗಿ ತಾವೇ ಅತ್ತುಬಿಟ್ಟರು.

ನನಗೆ ಅಳು ಬರಲಿಲ್ಲ. ವಿಚಿತ್ರವೆಂದರೆ ಸಿಟ್ಟು ಬಂತು. ಅಜ್ಜಿಯ ಕಡೆ ತಿರುಗಿ, "ಮನೆಯಗೆ ನನ್ನತ್ರ ಒಂದ್ ಮಾತ್ ಕೇಣ್ಲಿಲ್ಲ. ಇಲ್ಲಿ ಎಂತಕೆ ನನ್ನ ಮುಂದ್ ಮಾಡ್ದ್ರಿ? ಹೆಚ್ಚುಕಮ್ಮಿ ಆಯಿದ್ರೆ ನಾ ಎಂತ ಮಾಡ್ಕಿತ್ತ್?" ಎಂದು ಏರುದನಿಯಲ್ಲೇ ಕೇಳಿದೆ. ಆ ಮನೆಯ ಹಿರಿಯರ ಎದುರು ನಾನು ದನಿ ಏರಿಸಿದ್ದು ಅದೇ ಮೊದಲು.

ಅಜ್ಜಿಗೆ ಬೇಸರವಾಗಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡರು.

"ನಾ ಮಾಡ್ದದ್ದಲ್ಲ. ದೋಣಿಯಗೆ ಕೂತಾಗ ಈ ಅಮ್ಮ ನಿಮ್ಮ ಹೆಂಡ್ತಿ ಹತ್ರವೇ ಕೇಂಡ್ರ್, ಅಲ್ಲಿ ಡಾಕ್ಟ್ರ್ ಎಂತಾರೂ ಕೇಂಡ್ರೆ ಯಾರ್ ಹೇಳ್ಕ್ ಅಂದೇಳಿ. ಹೆಣ್ಣ್ ನಿಮ್ಮ ಬದಿಗ್ ಕೈ ತೋರ್ಸ್ತ್. 'ಅವ್ರ್ ಹೆದ್ರಿ ಹೇಳ್ದೆ ಇದ್ರೆ ಎಂತ ಮಾಡುದ್?' ಅಂದೇಳಿ ನಾನೇ ಕೇಂಡೆ. 'ಇಲ್ಲೆ ಅಜ್ಜಿ, ಹೇಳ್ತ್ರ್. ನಂಗ್ ಗೊತ್ತಿತ್ತ್' ಅಂದೇಳಿ ಹೇಳ್ತ್."