ಕಡಲೆಕಾಳಿನ ಮೊಲ, ಹುಣಸೆ ಬೀಜದ ನರಿ

ಅಪ್ಪ ಹೋದ ಮೇಲೆ ಅವ್ವ ಕವಡೆ ಮುಟ್ಟಿರಲಿಲ್ಲ. ಮೊದಲೆಲ್ಲ ಮಧ್ಯಾಹ್ನ ಊಟವಾದ ಕೂಡಲೇ ಇಬ್ಬರೂ ನಡುಮನೆಯಲ್ಲಿ ಚೌಕಾಬಾರ ಹೂಡುತ್ತಿದ್ದರು. ಅವ್ವ ಗೆಲ್ಲುತ್ತಿದ್ದಳು, ಅಪ್ಪ ಮೋಸ ಎಂದು ಕೂಗಾಡುತ್ತಿದ್ದ. ಈಗ ಅದೇ ಹೊತ್ತಿಗೆ ಅವಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ನಿದ್ದೆಯೂ ಅಲ್ಲ. ದಾವಣಗೆರೆಯ ಸರಸ್ವತಿ ನಗರದ ಆ ಸಣ್ಣ ಮನೆಯಲ್ಲಿ ಅವಳ ಬೆನ್ನು ನೋಡುತ್ತ ಓದುವುದು ನನ್ನಿಂದ ಆಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುಭಾಗ. ನಾನು ಗಣಿತದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ಕಾಡಿನ ಮೊಲ, ನರಿಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಎಂಬುದನ್ನು ಚೌಕಗಳ ಮೇಲೆ ಆಡಿಸಿ ನೋಡುವುದು ನನ್ನ ಪ್ರಾಜೆಕ್ಟು. ಪ್ರತಿ ಚೌಕಕ್ಕೂ ತನ್ನ ಅಕ್ಕಪಕ್ಕದ ಚೌಕಗಳಷ್ಟೇ ಗೊತ್ತು. ಪಕ್ಕ ಖಾಲಿಯಿದ್ದರೆ ಮೊಲ ಮರಿ ಹಾಕಬಹುದು. ಪಕ್ಕದಲ್ಲಿ ಮೊಲವಿದ್ದರೆ ನರಿ ಅದನ್ನು ತಿಂದು, ಅಲ್ಲಿ ತನ್ನ ಮರಿ ಬಿಡಬಹುದು. ಏನೂ ಸಿಗದ ನರಿ ಸಾಯುತ್ತದೆ. ಹರಿಹರದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಇತ್ತು. ಒಂದು ಭಾನುವಾರ ಅದನ್ನು ಬಳಸಲು ಕೊಡಿಸುತ್ತೇನೆ, ಅಲ್ಲಿಯವರೆಗೆ ಕೈಯಲ್ಲೇ ಆಡಿ ನೋಡು ಎಂದು ನಮ್ಮ ಮೇಷ್ಟ್ರು ಹೇಳಿದ್ದರು.

ಮರಿ ಹುಟ್ಟುತ್ತದೋ ಇಲ್ಲವೋ, ಬೇಟೆ ಸಿಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ನಾಣ್ಯ ಚಿಮ್ಮಿದರೂ ಸಾಕಿತ್ತು. ನಾನು ಬೇಕೆಂದೇ ಕವಡೆ ತೆಗೆದೆ. ಪ್ರಾಜೆಕ್ಟು ಹಾಳಾಗಿ ಹೋಗಲಿ, ಅವ್ವ ಎದ್ದು ಕೂತರೆ ಸಾಕಾಗಿತ್ತು ನನಗೆ.

"ಅವ್ವ, ನರಿಗೆ ನೀನು ಹಾಕು, ಮೊಲಕ್ಕೆ ನಾನು ಹಾಕ್ತೀನಿ."

"ನಂಗ್ಯಾಕ ನಿನ್ನ ಕಾಲೇಜಿನ ಉಸಾಬರಿ?" ಎಂದಳು. ಆದರೂ ಎದ್ದು ಬಂದಳು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕದ ಮನೆಗಳನ್ನು ಬರೆದೆ. ಮೊಲಕ್ಕೆ ಮೊದಲು ಮಂಡಕ್ಕಿ ಇಟ್ಟೆವು. ಫ್ಯಾನ್ ಹಾಕಿದ್ದೇ ತಡ, ಕಾಡೆಲ್ಲ ಖಾಲಿ. ಅವ್ವನೇ ಕಡಲೆಕಾಳು ತಂದಳು, ನರಿಗೆ ಹುಣಸೆ ಬೀಜ. ಕವಡೆ ಸಮ ಬಿದ್ದರೆ ಆಗುತ್ತದೆ, ಬೆಸ ಬಿದ್ದರೆ ಇಲ್ಲ.

ಮೊಲ ಹೆಚ್ಚಿದರೆ ನರಿ ಹೆಚ್ಚಬೇಕು, ನರಿ ಹೆಚ್ಚಿದರೆ ಮೊಲ ಇಳಿಯಬೇಕು, ಆಮೇಲೆ ನರಿ ಇಳಿದು ಮೊಲ ಮತ್ತೆ ಏಳಬೇಕು. ನಮ್ಮ ನೆಲದ ಮೇಲೆ ಮೊಲ ಏಳಲೇ ಇಲ್ಲ. ಪ್ರತಿ ಆಟದಲ್ಲೂ ಕಡಲೆಯೆಲ್ಲ ಗುಳುಂ, ಆಮೇಲೆ ಹುಣಸೆ ಬೀಜವೂ ಉಪವಾಸದಿಂದ ಸಾಯುತ್ತಿತ್ತು. ಲೆಕ್ಕ ತಿದ್ದಿ ತಿದ್ದಿ ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಅವ್ವ ಮಾತ್ರ ದಿನಾ ಮಧ್ಯಾಹ್ನ ನನಗಿಂತ ಮೊದಲೇ ಬಂದು ಕೂರುತ್ತಿದ್ದಳು.

ಒಂದು ದಿನ ಅವಳ ಕೈ ನೋಡಿದೆ.

"ಯಾಕ ಎರಡು ಸಲ ಹಾಕ್ತೀ?"

"ಹೊಡದೆನಲ್ಲ. ಹೊಡದ್ರೆ ಇನ್ನೊಂದು ಆಟ ಐತಲ್ಲೇ. ಈಗ ನಿಂಗೆ ಹೇಳಿಕೊಡಬೇಕೇನು?"

ಚೌಕಾಬಾರದಲ್ಲಿ ಎದುರಿನವರ ಕಾಯಿ ಹೊಡೆದರೆ ಇನ್ನೊಮ್ಮೆ ಕವಡೆ ಹಾಕುವ ಹಕ್ಕಿದೆ. ಮೊಲ ತಿಂದ ನರಿಗೆಲ್ಲ ಅವ್ವ ಆ ಹಕ್ಕನ್ನು ಕೊಟ್ಟಿದ್ದಳು; ಮೊಲ ಏಳದಿದ್ದದ್ದು ಅದಕ್ಕೇ. ಆ ಆಟ ನೋಡುತ್ತಲೇ ಬೆಳೆದ ನನ್ನ ಕಣ್ಣಿಗೂ ಅದು ತಪ್ಪೆಂದು ಕಂಡಿರಲಿಲ್ಲ.

"ಇದು ಚೌಕಾಬಾರ ಅಲ್ಲವ್ವಾ! ತಿಂದ ಮ್ಯಾಲೆ ಮುಗೀತು!" ಎಂದು ರೇಗಿಬಿಟ್ಟೆ.

"ಹಂಗಾದ್ರೆ ನೀನೇ ಆಡ್ಕೋ." ಕವಡೆ ಕೆಳಗಿಟ್ಟು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಎಬ್ಬಿಸಲು ಧೈರ್ಯ ಸಾಲಲಿಲ್ಲ. ಎರಡೂ ಕಡೆ ನಾನೇ, ಬೇಕೆಂದೇ ಸದ್ದು ಮಾಡುತ್ತ ಕವಡೆ ಹಾಕಿದೆ. ಮೊಲ ಇಳಿದವು, ನರಿಯೂ ಇಳಿದವು. ಮೂಲೆಯಲ್ಲಿ ಉಳಿದಿದ್ದ ಕಡಲೆ ಮೆಲ್ಲಗೆ ಹರಡತೊಡಗಿತು.

"ಏನಾತು?" ಎಂದಳು ಅವ್ವ, ತಿರುಗದೆ.

"ಮೊಲ ಮತ್ತೆ ಹೆಚ್ಚಾದ್ವು."

"ನರಿ?"

"ಎರಡೇ ಉಳದಾವು."

"ಅವೂ ಸಾಯ್ತಾವು ನಿನ್ನ ಕೈಯಾಗೆ. ಕೊಡು ಇಲ್ಲಿ." ಎದ್ದು ಬಂದಳು. ಅಂದಿನಿಂದ ನರಿಗೆ ಒಂದೇ ಆಟ. ಹೊಡೆದಾಗೆಲ್ಲ ಅವಳ ಕೈ ತಾನಾಗಿ ಕವಡೆಯತ್ತ ಹೋಗಿ ನಿಲ್ಲುತ್ತಿತ್ತು.

ಮೇಷ್ಟ್ರು ಗೊತ್ತುಮಾಡಿದ ಭಾನುವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ನಾವು ಮಧ್ಯಾಹ್ನವೆಲ್ಲ ಕೂತು ಆಡುತ್ತಿದ್ದದ್ದನ್ನು ಕಂಪ್ಯೂಟರ್ ಚಹಾ ಕುಡಿಯುವಷ್ಟರಲ್ಲಿ ಆಡಿ ಮುಗಿಸಿತು. ಮೊಲ ಏರಿ, ನರಿ ಏರಿ, ಎರಡೂ ಇಳಿದು, ಮತ್ತೆ ಏರಿದ್ದು ಕಾಗದದ ಉದ್ದಕ್ಕೂ ಚುಕ್ಕಿಗಳಲ್ಲಿ ಅಚ್ಚಾಗಿತ್ತು. ಇನ್ನು ನೆಲದ ಮೇಲೆ ಆಡುವ ಅಗತ್ಯವೇ ಇರಲಿಲ್ಲ.

ಮನೆಗೆ ಬಂದರೆ ಅವ್ವ ಅಳಿಸಿಹೋಗಿದ್ದ ಗೆರೆಗಳನ್ನು ಹೊಸದಾಗಿ ಬರೆದು, ಕಾಳು, ಬೀಜ ಹೂಡಿ ಕೂತಿದ್ದಳು.

"ಎಷ್ಟೊತ್ತೇ ಕಾಯೋದು? ನರಿ ಹಸ್ಕಂಡು ಕುಂತಾವು."

ಕಾಗದದ ಸುರುಳಿಯಿದ್ದ ಚೀಲವನ್ನು ಗೂಟಕ್ಕೆ ನೇತುಹಾಕಿ, ಅವಳೆದುರು ಕೂತು ಮೊಲಕ್ಕೆ ಕವಡೆ ಹಾಕಿದೆ. ಪ್ರಾಜೆಕ್ಟು ಮುಗಿಯಿತೆಂದು ಅವಳಿಗೆ ಹೇಳಲೇ ಇಲ್ಲ.