ಜಪಾನಿನವನಿಗೂ ಒಂದು ಎಡೆ

ನಿನ್ನೆ ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹುಡುಗಿಯ ಬ್ಯಾಗಿಗೆ ಪ್ಲಾಸ್ಟಿಕ್ ಬೊಂಬೆಯೊಂದು ನೇತಾಡುತ್ತಿತ್ತು. ಬೂದಿ ಬಣ್ಣದ ಕೂದಲು, ಕೈಯಲ್ಲಿ ಮುರಿದ ಕತ್ತಿ. ಕಂಡ ಕೂಡಲೇ ಗುರುತು ಹತ್ತಿತು ನೋಡಿ, ನಮ್ಮ ಮನೆಯಲ್ಲಿ ಉಂಡು ಹೋದವನಲ್ಲವೇ! ಮಾತಾಡಿಸಿಯೇಬಿಡುತ್ತಿದ್ದೆ. ಹೊಗೆಸೊಪ್ಪು ಬೆಳೆಯುವ ನರೆಗೂದಲಿನ ಮನುಷ್ಯ ಬೊಂಬೆಯ ಯೋಗಕ್ಷೇಮ ವಿಚಾರಿಸಿದರೆ ಜನ ಏನಂದಾರು ಅಂತ ಸುಮ್ಮನಾದೆ.

ಅವನೊಬ್ಬ ಜಪಾನಿ ಕಾರ್ಟೂನಿನ ಕತ್ತಿವೀರ. ಅನಿಮೆ ಅನ್ನಬೇಕಂತೆ, ಕಾರ್ಟೂನ್ ಅಂದರೆ ನನ್ನ ಮಗಳು ಬಿಂದುಗೆ ಮೂಗಿನ ತುದಿಯಲ್ಲೇ ಕೋಪ. ಅವನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳಲ್ಲ. ಬಿಂದು ಹುಣಸೂರಿನಲ್ಲಿ ಪಿಯುಸಿ ಓದುತ್ತಿದ್ದಾಗ ಅವನ ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿದ್ದಳು. ಎಚ್.ಡಿ. ಕೋಟೆಯ ಅವಳ ಗೆಳತಿಯೊಬ್ಬಳು ತಾಯಿಯ ಹಳೇ ಸೀರೆಯಲ್ಲಿ ಅವನಂಥದೇ ನಿಲುವಂಗಿ ಹೊಲಿದು ತೊಟ್ಟುಕೊಂಡಿದ್ದಳು. ನನಗೋ ನಗು. ಆದರೆ ಪ್ರಾಯದಲ್ಲಿ ಸಿನಿಮಾ ಹೀರೋನ ಕಟೌಟಿಗೆ ಹಾಲು ಸುರಿಯಲು ಲಾರಿ ಹತ್ತಿ ಮೈಸೂರಿಗೆ ಹೋದವನು ನಾನೇ. ಅದೆಲ್ಲ ಈಗ ಯಾಕೆ ಬಿಡಿ.

ಆ ವರ್ಷ ಪಕ್ಷದ ಹಬ್ಬದ ಹಿಂದಿನ ದಿನವೇ ಅವನು ಸತ್ತ. ಕಥೆಯಲ್ಲಿ. ಬಿಂದು ಊಟ ಬಿಟ್ಟು ಕೂತಳು. ನಾನು ರೇಗಿದೆ. ಕಜ್ಜಾಯದ ಹಿಟ್ಟು ನಾದುತ್ತಿದ್ದ ಅವ್ವ ಮಾತ್ರ ಕೈ ನಿಲ್ಲಿಸಿ ಕೇಳಿದಳು.

"ಅವನ್ಗೆ ಎಂಡ್ರು ಮಕ್ಳು ಯಾರೂ ಇಲ್ವಾ ಮಗ?"

"ಯಾರೂ ಇಲ್ಲ ಅಜ್ಜಿ. ಅವ್ನ ಊರ್ನೇ ಸುಟ್ಟಾಕ್ಬುಟ್ರು."

"ಅಯ್ಯೋ ಸಿವ್ನೆ! ಅಂಗಾರೆ ಎಡೆ ಇಡೋರೂ ಗತಿಯಿಲ್ಲ. ಏನ್ ತಿಂತಿದ್ದ?"

"ಅನ್ನದುಂಡೆ. ಮೀನು."

"ಮುದ್ದೆ ಉಣ್ಣಕಿಲ್ವಾ?" ಅವ್ವನಿಗೆ ಅದೊಂದೇ ಚಿಂತೆ.

ನಮ್ಮ ಕಡೆ ಪಕ್ಷಕ್ಕೆ ಸತ್ತ ಹಿರಿಯರಿಗೆ ಅವರವರ ಇಷ್ಟದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಸಾಂಬ್ರಾಣಿ ಹಾಕಿ, ಬಾಗಿಲು ಮುಂದೆಳೆದು ಎಲ್ಲರೂ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಬೇಕಲ್ಲ. ಆ ಸಾಲಿನಲ್ಲಿ ಕುಲಗೋತ್ರ ಗೊತ್ತಿಲ್ಲದ ಜಪಾನಿನವನೇ? ನಾನು ತಕರಾರು ತೆಗೆದೆ.

"ನಿಮ್ಮಪ್ಪ ಬಂದೋರ್ನ ಉಣ್ಣಿಸ್ದೆ ಕಳ್ಸಿದ್ದುಂಟೇನ್ಲಾ? ಸುಮ್ಕಿರು," ಅಂದಳು ಅವ್ವ.

ಸರಿ, ಮಾರನೇ ದಿನ ಅಪ್ಪನ ಕೋಳಿಸಾರು, ಬೀಡಿಕಟ್ಟಿನ ಪಕ್ಕದಲ್ಲೇ ಅನ್ನದುಂಡೆ, ಕರಿದ ಮೀನು ಬಂತು. ಬಾಗಿಲು ಎಳೆದು ಜಗಲಿಯ ಮೇಲೆ ಕೂತೆವು. ಅಪ್ಪ ಅವನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಿರಬಹುದು ಅಂತ ನಾನು ಯೋಚಿಸುತ್ತಿದ್ದೆ. ಆಗ ಅವ್ವ ಮೆಲ್ಲಗೆ ಅಂದಳು:

"ಲೋಕದಾಗೇ ಇಲ್ದೋನ್ಗೆ ಎಡೆ ಇಟ್ವಲ್ಲ ಕಣ್ಲಾ. ನನ್ ಮಡ್ಲಲ್ಲಿ ಇದ್ದೋಳ್ಗೆ ಇಟ್ರೆ ತಪ್ಪಾದದಾ?"

ನನಗೆ ತಲೆಬುಡ ತಿಳಿಯಲಿಲ್ಲ.

"ನಿನ್ಗಿಂತ ಮುಂಚೆ ಒಂದ್ ಎಣ್ಣುಕೂಸಿತ್ತು ಕಣಪ್ಪ. ಎಸ್ರಿಡಾಕ್ ಮುಂಚೆನೇ ಓಯ್ತು. ಎಸ್ರಿಲ್ದಿದ್ ಕೂಸ್ಗೆ ಎಡೆ ಇಡಂಗಿಲ್ಲ ಅಂದ್ಬುಟ್ರು ನಮ್ಮತ್ತೆ."

ಪ್ರತಿ ಪಕ್ಷಕ್ಕೂ ಇದೇ ಜಗಲಿಯ ಮೇಲೆ, ಮುಚ್ಚಿದ ಬಾಗಿಲ ಮುಂದೆ, ಅವ್ವ ಇದನ್ನು ನುಂಗಿಕೊಂಡೇ ಕೂತಿದ್ದಳು. ನಾನು ಪಕ್ಕದಲ್ಲೇ ಕೂತು ಆಕಳಿಸುತ್ತಿದ್ದೆ.

ಬಿಂದು ಅಜ್ಜಿಯ ಹತ್ತಿರ ಸರಿದಳು. "ನಮ್ ಕಥೇಲಿ ಹೆಸ್ರಿಲ್ದೆ ಬಂದೋಗೋರು ತುಂಬ ಜನ ಇರ್ತಾರೆ ಅಜ್ಜಿ. ಅವ್ರಿಗೆಲ್ಲ ನಾವ್ ಫ್ಯಾನ್ಸೇ ಹೆಸ್ರಿಡ್ತೀವಿ. ಎಲ್ರೂ ಅದ್ನೇ ಕರೀತಾರೆ. ನೀನ್ ಏನ್ ಇಡ್ಬೇಕು ಅಂತಿದ್ದೆ?"

ಅವ್ವ ಸೆರಗಿನ ತುದಿ ಹಿಂಡಿದಳು.

"ಗೌರಿ," ಅಂದಳು.

ಬಾಗಿಲು ತೆಗೆದೆವು. ಬಿಂದು ಒಂದು ಪುಟ್ಟ ಎಲೆ ಹಾಸಿ, ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹಾಲಿಟ್ಟಳು. ಅವ್ವ ಅದರ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ.

ಬಿಂದು ಈಗ ಇನ್ಯಾವನದೋ ಅಭಿಮಾನಿ. ನಾನೇ ವಿಚಾರಿಸುತ್ತೇನೆ, ಇವನು ಬದುಕಿದ್ದಾನಾ, ಇವನಿಗೆ ಯಾರ್ಯಾರಿದ್ದಾರೆ ಅಂತ. ನಿನ್ನೆ ಬಸ್ಸಿನಲ್ಲಿ ಪಕ್ಕದವರು ಅದೂ ಇದೂ ಮಾತಾಡುತ್ತಾ, "ನಿಮ್ಮಪ್ಪನ್ಗೆ ನೀವು ಎಷ್ಟ್ ಜನ ಮಕ್ಳು?" ಅಂತ ಕೇಳಿದರು. ಒಬ್ಬನೇ ಮಗ ಅನ್ನುವುದು ನನ್ನ ಜನ್ಮದ ರೂಢಿ.

"ಇಬ್ರು," ಅಂದೆ. "ನಂಗೊಬ್ಳು ಅಕ್ಕ. ಗೌರಿ ಅಂತ."